ಆಂಡರ್ಸನ್ ಹಿಡಿದ ಕೋವಿ

ಕೆನೆತ್ ಆಂಡರ್ಸನ್ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ನರಭಕ್ಷಕ ಹುಲಿಗಳ ಕಥೆ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಹೆಸರಿನಲ್ಲಿ ಅವನ್ನು ಕನ್ನಡಕ್ಕೆ ತಂದ ಮೇಲಂತೂ ಓದದವರೇ ಕಡಿಮೆ. ಕಡೂರು ಸೀಮೆಯವರಾದ ನಮಗೆ ಇನ್ನೂ ಒಂದು ಸಲುಗೆ ಇದೆ. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯೂ ಇದೆ, ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕನ ಕಥೆಯೂ ಇದೆ. ನಮ್ಮ ಚೌಳಹಿರಿಯೂರು ಇರುವುದು ಈ ಎರಡು ಕಥೆಗಳ ನಡುವಿನ ನೆಲದಲ್ಲಿ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಬಳಿಯ ಬೋಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಮನೆತನವಾದರೂ ತಲೆಮಾರುಗಳಿಂದ ಇಲ್ಲೇ ನೆಲೆ ನಿಂತಿತ್ತು. ತಂದೆ ಸೈನ್ಯದ ಲೆಕ್ಕಪತ್ರ ವಿಭಾಗದಲ್ಲಿದ್ದರು. ಮಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಕಾನೂನು ಓದಲಿ ಎಂದು ಮನೆಯವರು ಎಡಿನ್‌ಬರೋಗೆ ಕಳಿಸಿದರೆ, ಅರ್ಧಕ್ಕೇ ಬಿಟ್ಟು ವಾಪಸ್ ಬಂದರು. ಆಮೇಲೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದು, ಬೆಂಗಳೂರಿನ ವಿಮಾನ ಕಾರ್ಖಾನೆಯ ಯೋಜನಾ ವಿಭಾಗದಲ್ಲಿ ಮ್ಯಾನೇಜರ್ ಆದರು. ಅಂದರೆ ಶಿಕಾರಿ ಅವರ ಹೊಟ್ಟೆಪಾಡಾಗಿರಲಿಲ್ಲ. ಕಾಡು ಅಲೆದದ್ದೆಲ್ಲ ನೌಕರಿಯ ನಡುವೆ ಸಿಕ್ಕ ಬಿಡುವಿನಲ್ಲಿ. ಕೆಲಸಕ್ಕೆ ಅರ್ಜಿ ಹಾಕುತ್ತಾ, ಇಷ್ಟದ ಹವ್ಯಾಸವನ್ನು ಮೂಟೆ ಕಟ್ಟಿಡಬೇಕೇ ಎಂದು ಯೋಚಿಸುತ್ತಿರುವವರು ಇದನ್ನು ಗಮನಿಸಬಹುದು.

ನನಗೆ ಕುತೂಹಲ ಹುಟ್ಟಿಸಿದ್ದು ಅವರ ಧೈರ್ಯಕ್ಕಿಂತ ಅವರ ಕೋವಿ. ಜೀವಮಾನವಿಡೀ ಅವರ ನೆಚ್ಚಿನ ಆಯುಧ .405 ವಿಂಚೆಸ್ಟರ್ ರೈಫಲ್, 1895ರ ಮಾದರಿ. ಆ ಕಾಲಕ್ಕೆ ನಮ್ಮ ಕಡೆಯ ಜಮೀನ್ದಾರರ ಮನೆಗಳಲ್ಲಿ ಸಾಮಾನ್ಯವಾಗಿದ್ದದ್ದು 12 ಬೋರಿನ ಜೋಡುನಳಿಗೆ ಕೋವಿ. ರೈತನ ಕೈಯಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಬಂದೂಕು. ಇವುಗಳ ವ್ಯತ್ಯಾಸ ತಿಳಿಯದಿದ್ದರೆ ಆಂಡರ್ಸನ್ ಕಥೆಗಳ ಅರ್ಧ ಕಾರಣವೇ ಕೈತಪ್ಪುತ್ತದೆ.

ಬೋರ್ ಎಂಬ ಅಳತೆಯೇ ವಿಚಿತ್ರ. ಒಂದು ಪೌಂಡ್ ಸೀಸದಿಂದ ಸಮನಾದ 12 ಉಂಡೆ ಮಾಡಿದರೆ, ಒಂದು ಉಂಡೆ ಸರಿಯಾಗಿ ಕೂರುವ ನಳಿಗೆ 12 ಬೋರ್. 16 ಉಂಡೆ ಮಾಡಿದರೆ 16 ಬೋರ್, 20 ಮಾಡಿದರೆ 20 ಬೋರ್. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ನಮ್ಮ ಲ್ಯಾಬಿನ ತಂತಿಯ ಗೇಜ್ ಇದ್ದ ಹಾಗೆ. ಲೆಕ್ಕ ಹಾಕಿದರೆ 12 ಬೋರಿನ ನಳಿಗೆ ಸುಮಾರು 18.5 ಮಿಲಿಮೀಟರ್, 20 ಬೋರಿನದು 15.6. ಹಕ್ಕಿಗೆ ಹೊಡೆಯುವಾಗ ತೋಟೆಯೊಳಗೆ ನೂರಾರು ಸಣ್ಣ ಚರೆ ಇರುತ್ತವೆ. ಜಿಂಕೆಗೆ ಅದು ನಡೆಯುವುದಿಲ್ಲ, ಒಂಟಿ ಗುಂಡೇ ಬೇಕು. ಹಾಗಾದರೆ ಜಿಂಕೆಗೆ ಯಾವ ಬೋರ್ ಎಂಬುದು ಹಳೆಯ ಶಿಕಾರಿಗಳ ಹರಟೆಯಲ್ಲಿ ಮುಗಿಯದ ಜಗಳ.

ಭೌತಶಾಸ್ತ್ರ ಏನು ಹೇಳುತ್ತದೆ ನೋಡೋಣ. 12 ಬೋರಿನ 28 ಗ್ರಾಂ ಗುಂಡು ಸೆಕೆಂಡಿಗೆ 480 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು 3,200 ಜೌಲ್. 20 ಬೋರಿನ 21 ಗ್ರಾಂ ಗುಂಡಿಗೆ ಅದೇ ವೇಗದಲ್ಲಿ 2,400. ಹತ್ತಿರದಲ್ಲಿ ನಿಂತ ಜಿಂಕೆಗೆ ಎರಡೂ ಧಾರಾಳ ಸಾಕು. ಆದರೆ ಸಂವೇಗ ಸಂರಕ್ಷಣೆಯ ನಿಯಮ ಭುಜವನ್ನೂ ಬಿಡುವುದಿಲ್ಲ. 12 ಬೋರಿನ ಒದೆತ ಜಾಸ್ತಿ. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಮೊದಲೇ ಮೈ ಬಿಗಿಹಿಡಿಯುತ್ತಾನೆ, ಗುರಿ ಕದಲುತ್ತದೆ. ನಯ ನಳಿಗೆಯಿಂದ ಹೊರಟ ಗುಂಡು ದೂರ ಹೆಚ್ಚಿದಂತೆ ಮನಸ್ಸಿಗೆ ಬಂದಲ್ಲಿ ಹೋಗುತ್ತದೆ. ಐವತ್ತು ಮೀಟರ್ ದಾಟಿದರೆ ಎದೆಗೆ ಇಟ್ಟ ಗುರಿ ಹೊಟ್ಟೆಗೋ ತೊಡೆಗೋ ಬೀಳಬಹುದು. ಹಾಗಾಗಿ ನನ್ನ ಪ್ರಕಾರ ಬೋರಿನ ಜಗಳ ಎರಡನೆಯದು. ಎಷ್ಟು ದೂರದಿಂದ, ಎಲ್ಲಿಗೆ ಎಂಬುದೇ ಮೊದಲನೆಯದು.

ರೈಫಲ್ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತಾ ಹೊರಡುವುದರಿಂದ ದಿಕ್ಕು ತಪ್ಪುವುದಿಲ್ಲ. ಆಂಡರ್ಸನ್ ಅವರ .405ರ ಗುಂಡು ಸುಮಾರು 19.4 ಗ್ರಾಂ ಮಾತ್ರ, 12 ಬೋರಿನದಕ್ಕಿಂತ ಹಗುರ. ಆದರೆ ಸೆಕೆಂಡಿಗೆ 670 ಮೀಟರ್ ವೇಗದಲ್ಲಿ 4,300 ಜೌಲ್ ದಾಟುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಶಿಕಾರಿಗೆ ಹೋದಾಗ ಒಯ್ದದ್ದೂ ಇದೇ ಜಾತಿಯ ರೈಫಲ್. ಸನ್ನೆ ಎಳೆದು ಮುಂದಿನ ತೋಟೆ ತುಂಬುವ ವ್ಯವಸ್ಥೆ ಅದರದು. ಗಾಯಗೊಂಡ ಹುಲಿ ಪೊದೆಯಿಂದ ಹಾರಿ ಬರುವಾಗ ಎರಡನೆಯ ಈಡಿಗೆ ತಡವಾಗಬಾರದಲ್ಲ.

ಇಷ್ಟೆಲ್ಲ ಲೆಕ್ಕ ಯಾಕೆಂದರೆ, ಅವರು ಬೆನ್ನುಹತ್ತಿದ ಪ್ರಾಣಿಗಳಲ್ಲಿ ಕೆಲವು ಇನ್ನೊಬ್ಬರ ಅರೆಬರೆ ಈಡಿನ ಫಲ. ಹೊಲ ಕಾಯುವವನು ರಾತ್ರಿ ನಾಡಬಂದೂಕಿಗೆ ಚರೆಯೋ ಮುರಿದ ಮೊಳೆಯೋ ತುಂಬಿ, ಹಂದಿ ಜಿಂಕೆಗೆಂದು ಕಾದಿರುತ್ತಾನೆ. ಬಂದದ್ದು ಹುಲಿಯಾದರೆ ಹೆದರಿ ಅದಕ್ಕೂ ಹೊಡೆಯುತ್ತಾನೆ. ಸಾಯದ ಹುಲಿಗೆ ಜಿಂಕೆಯ ಹಿಂದೆ ಓಡುವ ಶಕ್ತಿ ಉಳಿಯುವುದಿಲ್ಲ. ನಿಧಾನಕ್ಕೆ ನಡೆಯುವ, ಕೊಂಬಿಲ್ಲದ, ಗೊರಸಿಲ್ಲದ ಪ್ರಾಣಿ ಮನುಷ್ಯ ಒಬ್ಬನೇ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದವು. ಎಲ್ಲಕ್ಕೂ ಕೋವಿಯೇ ಕಾರಣ ಎಂದೂ ಅಲ್ಲ. ಗುಮ್ಮಳಾಪುರದ ಚಿರತೆಯ ಅಂಗಾಲಿನಲ್ಲಿ ಆಂಡರ್ಸನ್ ಕಂಡದ್ದು ಮುರಿದು ಕೂತ ಮುಳ್ಳುಹಂದಿಯ ಮುಳ್ಳು.

ನಾಡಬಂದೂಕಿನವರನ್ನು ಆಂಡರ್ಸನ್ ದ್ವೇಷಿಸಲಿಲ್ಲ ಎಂಬುದು ನನಗೆ ಇಷ್ಟವಾದ ಸಂಗತಿ. ಕಳ್ಳಬೇಟೆಯವನಾಗಿ ಸಿಕ್ಕ ಬೈರ ಎಂಬ ಪೂಜಾರಿ ಬುಡಕಟ್ಟಿನವನನ್ನು ಅವರು ಪೊಲೀಸರಿಗೆ ಒಪ್ಪಿಸಲಿಲ್ಲ, ಗೆಳೆಯನನ್ನಾಗಿ ಮಾಡಿಕೊಂಡರು. ಹೆಜ್ಜೆಗುರುತು ಓದುವ ವಿದ್ಯೆಯಲ್ಲಿ ಬೈರ ಗುರು, ಕಾರ್ಖಾನೆಯ ಮ್ಯಾನೇಜರ್ ಶಿಷ್ಯ. ಯಾವ ರೈಫಲ್ ಇದ್ದರೇನು, ಪ್ರಾಣಿ ಎಲ್ಲಿದೆ ಎಂದು ತಿಳಿಯದಿದ್ದರೆ ಅದು ಊರುಗೋಲು ಅಷ್ಟೆ!

1939ರಿಂದ 1966ರವರೆಗೆ ಅವರು 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದದ್ದು ಅಧಿಕೃತ ದಾಖಲೆಯಲ್ಲಿದೆ. ಕೊನೆಕೊನೆಗೆ ಅವರ ಕೈಯಲ್ಲಿ ಕೋವಿಗಿಂತ ಕ್ಯಾಮೆರಾ ಹೆಚ್ಚು ಕಾಣಿಸಿತು. ಕಾಡು ಬರಿದಾಗುತ್ತಿದೆ ಎಂಬ ಕೊರಗು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತಾ ಹೋಗುತ್ತದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಂಡರ್ಸನ್ 1974ರ ಆಗಸ್ಟ್ 30ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಕಾಡಿನ ಕಥೆಗಳ ಕೊನೆಯ ಪುಸ್ತಕ ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ.

ಈಗ ಜಿಂಕೆಗೆ ಯಾವ ಬೋರ್ ಎಂದು ಕೇಳುವವನು ಜೈಲಿನ ದಾರಿ ಕೇಳಿದಂತೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ಕಾವಲಿನ ಬೇಲಿಯಾಚೆ ರಾಗಿ, ಕಡಲೆ ಹೊಲಗಳು. ಬೆಳೆ ಬಂದ ಕಾಲಕ್ಕೆ ಹೊಲದವನು ರಾತ್ರಿ ತಗಡು ಬಡಿಯುತ್ತಾ ಎಚ್ಚರವಿರುತ್ತಾನೆ. ಬೆಳಗಾದರೆ ಕರಿ ಬೆನ್ನಿನ ಗಂಡುಗಳು ಹಿಂಡು ಕಟ್ಟಿಕೊಂಡು ಕಾವಲಿನ ಒಳಗೆ ಮೇಯುತ್ತಿರುತ್ತವೆ.