ಹರ್ಷವನ್ನೀಯುವ ಸಂಖ್ಯೆ: ಕಾಪ್ರೇಕರ್ ಮಾಸ್ತರರ ಸ್ಮರಣೆ

ನಮ್ಮ ಶಾಲೆ ನೂರು ವಸಂತಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ, ಶಾಲಾಶಿಕ್ಷಕರಾಗಿಯೇ ಬಾಳಿ ಗಣಿತಲೋಕದಲ್ಲಿ ಹೆಸರುಳಿಸಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರನ್ನು ನಾವು ಗೌರವದಿಂದ ಸ್ಮರಿಸುತ್ತೇವೆ.

ಕಾಪ್ರೇಕರರು ಜನಿಸಿದ್ದು 1905ರಲ್ಲಿ, ಮುಂಬಯಿಯ ಉತ್ತರಕ್ಕಿರುವ ಡಹಾಣುವಿನಲ್ಲಿ. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಗುಮಾಸ್ತರಾಗಿದ್ದ ತಂದೆಗೆ ಜ್ಯೋತಿಷದಲ್ಲಿ ಆಸಕ್ತಿಯಿತ್ತು. ಅದರ ಲೆಕ್ಕಗಳೇ ಮಗನಿಗೆ ಸಂಖ್ಯೆಗಳ ರುಚಿ ಹತ್ತಿಸಿದವು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿದ್ದಾಗ 1927ರಲ್ಲಿ ರ‍್ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ಪಡೆದರು. ಸ್ನಾತಕೋತ್ತರ ಪದವಿ ಅವರಿಗಿರಲಿಲ್ಲ. 1930ರಿಂದ 1962ರವರೆಗೆ ನಾಸಿಕದ ಸಮೀಪದ ದೇವಳಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದರು.

ಅವರ ಮನಸ್ಸನ್ನು ಸೆಳೆದ ಸಂಖ್ಯೆಗಳಲ್ಲೊಂದನ್ನು ನೋಡೋಣ. 111111111ನ್ನು ಅದರಿಂದಲೇ ಗುಣಿಸಿದರೆ 12345678987654321 ದೊರೆಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಗುಣಾಕಾರದ ಸಾಲುಗಳನ್ನು ಕೂಡುವಾಗ ನಟ್ಟನಡುವಿನ ಸ್ಥಾನದಲ್ಲಿಯೂ ಒಂಬತ್ತಕ್ಕಿಂತ ಹೆಚ್ಚು ಬಾರದು. ಆದ್ದರಿಂದ ದಶಕ ಒಯ್ಯಬೇಕಾಗಿಲ್ಲ. ಹತ್ತು ಒಂದುಗಳನ್ನು ಬರೆದೊಡನೆ ಈ ಅಂದ ಮುರಿಯುತ್ತದೆ. ಡೊಂಬಿವಿಲಿ ರೈಲು ನಿಲ್ದಾಣದಲ್ಲಿ ಹೊಳೆದುದರಿಂದ ಕಾಪ್ರೇಕರರು ಇಂತಹ ಸಂಖ್ಯೆಗಳನ್ನು ಡೆಮ್ಲೊ ಸಂಖ್ಯೆಗಳೆಂದು ಕರೆದರು.

ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಅವರಿತ್ತ ಹೆಸರು ಹರ್ಷದ, ಎಂದರೆ ಹರ್ಷವನ್ನೀಯುವುದು. ಮೇಲಿನ ಸಂಖ್ಯೆಯ ಅಂಕಿಗಳ ಮೊತ್ತ 81. 81ರಿಂದ ಭಾಗಿಸಿದರೆ ಶೇಷ ಉಳಿಯದೆ 12345679ರ ವರ್ಗವೇ ಬರುತ್ತದೆ. ಈ 12345679 ಕನ್ನಡ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಇದನ್ನು 9ರಿಂದ ಗುಣಿಸಿ ಒಂದುಗಳ ಹಾರ ಪೋಣಿಸಿದ್ದರು.

ದೇಶದ ಅನೇಕ ಗಣಿತಜ್ಞರು ಕಾಪ್ರೇಕರರ ಶೋಧಗಳನ್ನು ಕ್ಷುಲ್ಲಕವೆಂದು ಕಡೆಗಣಿಸಿದರು. ಅವರು ಎದೆಗುಂದದೆ ತಮ್ಮ ಬರಹಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನಾಲ್ಕಂಕಿಗಳನ್ನು ಇಳಿಕೆಯಲ್ಲಿಯೂ ಏರಿಕೆಯಲ್ಲಿಯೂ ಜೋಡಿಸಿ, ಮತ್ತೆ ಮತ್ತೆ ಕಳೆಯುತ್ತ ಹೋದರೆ 6174ರಲ್ಲಿ ನಿಲ್ಲುವ ಚೋದ್ಯವನ್ನೂ ಕಂಡುಕೊಂಡರು. ನಾಲ್ಕೂ ಅಂಕಿ ಒಂದೇ ಆಗಿರಬಾರದೆಂಬುದಷ್ಟೇ ನಿಯಮ. 1966ರಲ್ಲಿ ಪತ್ನಿ ತೀರಿಕೊಂಡರು. ನಿವೃತ್ತಿವೇತನ ಸಾಲದೆ ಮನೆಪಾಠ ಹೇಳಿ ದಿನ ದೂಡಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತು ಅವರನ್ನು ಗುರುತಿಸಿತು. 1986ರಲ್ಲಿ ಅವರು ಕಾಲವಶರಾದರು.

ಪಾಠದಾಚೆಯ ಪ್ರಶ್ನೆ ಕೇಳಿದ ಮಗುವಿಗೆ, ಪರೀಕ್ಷೆಗೆ ಬಾರದ್ದು ನಿನಗೇಕೆ ಎಂದು ನಾವು ಎಷ್ಟು ಸಲ ಗದರಿಲ್ಲ? ಅಂಕಪಟ್ಟಿಯ ಅಂಕಿಗಳನ್ನಷ್ಟೇ ಎಣಿಸುವ ಪಾಲಕರೂ ಶಿಕ್ಷಕರೂ ಆದ ನಾವು, ಅಂಕಿಗಳಲ್ಲಿ ಹರ್ಷ ಕಂಡ ಈ ಮಾಸ್ತರರನ್ನು ನೆನೆದು ಆ ಮಗುವಿನ ಪಕ್ಕದಲ್ಲಿ ಒಂದು ಗಳಿಗೆ ಕುಳಿತುಕೊಳ್ಳೋಣ.