ವಿಜ್ಞಾನದವರಿಗೂ ಸಾಹಿತ್ಯ ಬೇಕೆಂದ ರಾಧಾಕೃಷ್ಣನ್

ತೆಲುಗು ಮನೆಮಾತಿನ ಸರ್ವೆಪಲ್ಲಿ ರಾಧಾಕೃಷ್ಣನ್ 1888ರ ಸೆಪ್ಟೆಂಬರ್ 5ರಂದು ತಿರುತ್ತಣಿಯಲ್ಲಿ ಜನಿಸಿದರು. ಈ ಗಡಿ ಊರು 1960ರಲ್ಲಿ ಆಂಧ್ರದಿಂದ ಮದ್ರಾಸ್ ರಾಜ್ಯಕ್ಕೆ ಸೇರಿತು.

ಮದ್ರಾಸಿನಲ್ಲಿ ತತ್ವಶಾಸ್ತ್ರ ಓದಿದ ಅವರು 1918ರಿಂದ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಗಾಡಿಯನ್ನು ರೈಲು ನಿಲ್ದಾಣಕ್ಕೆ ಎಳೆದೊಯ್ದರು.

1948ರಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ಆಗ ಇಂಟರ್‌ಮೀಡಿಯೆಟ್‌ನಲ್ಲೇ ವಿಜ್ಞಾನ ಹಿಡಿದವರು ಸಾಹಿತ್ಯ, ಇತಿಹಾಸದಿಂದ ದೂರವಾಗುತ್ತಿದ್ದರು. ಕಲಾ ವಿದ್ಯಾರ್ಥಿಗಳು ವಿಜ್ಞಾನದಿಂದ. ಪದವಿ ಸಿಕ್ಕರೂ ಓದು ಅರೆಬರೆ. ಇದನ್ನು ಸರಿಪಡಿಸಲು ಎಲ್ಲರಿಗೂ ಸಾಮಾನ್ಯ ಶಿಕ್ಷಣ ಬೇಕು, ಅದಕ್ಕೆ ತಕ್ಕ ಪಠ್ಯಕ್ರಮವನ್ನು ತಡಮಾಡದೆ ಸಿದ್ಧಪಡಿಸಬೇಕು ಎಂದು ಆಯೋಗ 1949ರಲ್ಲಿ ಶಿಫಾರಸು ಮಾಡಿತು.

1962ರಲ್ಲಿ ರಾಷ್ಟ್ರಪತಿಯಾದ ಈ ಮೇಷ್ಟ್ರು 1975ರ ಏಪ್ರಿಲ್ 17ರಂದು ನಿಧನರಾದರು. ಅವರ ಹುಟ್ಟುಹಬ್ಬವೇ ನಮ್ಮ ಶಿಕ್ಷಕರ ದಿನ.