ಚಕ್ರವರ್ತಿಯ ಚಿತ್ರಕಾರ, ಯೇಸುಸಭೆಯ ಸಹೋದರ

ನೀಲಗುಂದದ ಭೀಮೇಶ್ವರ ದೇಗುಲವನ್ನು ಕಂಡವರಿಗೆ, ಅರಸರ ಆಶ್ರಯದಲ್ಲಿ ಕಲೆ ಅರಳುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಆಶ್ರಯಕ್ಕೆ ಕಲಾವಿದನು ತೆರಬೇಕಾದ ಬೆಲೆಯೂ ಉಂಟು. ಯೇಸುಸಭೆಯ ಸಹೋದರ ಜೋಸೆಫ್ ಕಾಸ್ತಿಲ್ಯೋನೆಯವರ ಬಾಳು ಇದಕ್ಕೆ ನಿದರ್ಶನ.

1688ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಜನಿಸಿದ ಇವರು 1707ರಲ್ಲಿ ಯೇಸುಸಭೆಯನ್ನು ಸೇರಿ, 1715ರಲ್ಲಿ ಚೀನಾ ದೇಶವನ್ನು ತಲುಪಿದರು. ಲಾಂಗ್ ಷಿನಿಂಗ್ ಎಂಬ ಹೆಸರು ಧರಿಸಿ, ಮೂವರು ಚಕ್ರವರ್ತಿಗಳ ಆಸ್ಥಾನದಲ್ಲಿ ಅರ್ಧ ಶತಮಾನ ಚಿತ್ರ ರಚಿಸಿದರು. ಮುಖದ ಮೇಲೆ ಗಾಢ ನೆರಳು ಮೂಡಿಸುವ ಐರೋಪ್ಯ ಪದ್ಧತಿ ಅರಮನೆಗೆ ರುಚಿಸಲಿಲ್ಲ. ಅದನ್ನು ತ್ಯಜಿಸಿ, ಚೀನೀ ಶೈಲಿಯನ್ನು ಕಲಿತು, ಎರಡನ್ನೂ ಬೆಸೆದರು. 1728ರ ಅವರ 'ನೂರು ಕುದುರೆಗಳು' ಸುಮಾರು 8 ಮೀಟರ್ ಉದ್ದದ ರೇಷ್ಮೆಯ ಚಿತ್ರಸುರುಳಿ.

1724ರಲ್ಲಿ ಚಕ್ರವರ್ತಿ ಯೋಂಗ್‌ಝೆಂಗ್ ಕ್ರೈಸ್ತಧರ್ಮವನ್ನು ನಿಷೇಧಿಸಿದನು. ಪ್ರಾಂತಗಳ ಗುರುಗಳು ಹೊರದೂಡಲ್ಪಟ್ಟರು. ಚಿತ್ರಕಾರರಿಗೆ ಮಾತ್ರ ಅರಮನೆಯ ಬಾಗಿಲು ತೆರೆದೇ ಇತ್ತು. 1736ರಲ್ಲಿ ಹೊಸ ಚಕ್ರವರ್ತಿ ಚಿಯಾನ್‌ಲಾಂಗ್ ಚಿತ್ರರಚನೆಯನ್ನು ನೋಡಲು ಬಂದಾಗ, ಸಹೋದರರು ಮೊಣಕಾಲೂರಿ ಕ್ರೈಸ್ತರ ಪರವಾಗಿ ಮನವಿ ಸಲ್ಲಿಸಿದರು. ನಿಷೇಧ ರದ್ದಾಗಲಿಲ್ಲ; ಕಿರುಕುಳ ಕೆಲಕಾಲ ತಗ್ಗಿತು.

1766ರಲ್ಲಿ ಅವರು ಬೀಜಿಂಗ್‌ನಲ್ಲಿ ನಿಧನರಾದಾಗ ಚಕ್ರವರ್ತಿಯು ಮರಣೋತ್ತರ ಪದವಿಯಿತ್ತು ಗೌರವಿಸಿದನು. ಅವರು ರೂಪಿಸಿದ ಐರೋಪ್ಯ ಶೈಲಿಯ ಅರಮನೆಗಳು 1860ರಲ್ಲಿ ಆಂಗ್ಲ-ಫ್ರೆಂಚ್ ಸೇನೆಗಳ ದಾಳಿಗೆ ಹಾಳಾದವು. ಅಧಿಕಾರದ ಸಾಮೀಪ್ಯವನ್ನು ತಮಗಾಗಿ ಬಳಸದೆ ನೊಂದವರಿಗಾಗಿ ಬಳಸಿದ ಆ ಒಂದು ದಿನ ಮಾತ್ರ ಅಳಿಯದೆ ಉಳಿದಿದೆ.